ಎಷ್ಟು ದಿನ ಆತು?

ಮನೋವೈದ್ಯರ ಕೋಣೆಯಲ್ಲಿ ಕುಳಿತ ಕೂಡಲೇ ಬರುವ ಪ್ರಶ್ನೆ ಇದು. ಬಂದವರು ಇದನ್ನು ಉಪಚಾರದ ಮಾತೆಂದುಕೊಂಡು "ಭಾಳ ದಿನ ಆತ್ರೀ" ಎಂದು ತೇಲಿಸಿಬಿಡುತ್ತಾರೆ. ಮನಸ್ಸಿನ ಕಾಯಿಲೆಗಳನ್ನು ಒಂದರಿಂದ ಒಂದು ಬೇರ್ಪಡಿಸುವುದರಲ್ಲಿ ಅರ್ಧ ಕೆಲಸ ಈ ಲೆಕ್ಕದ್ದೇ. ನಾಲ್ಕು ದಿನದ ಗೊಂದಲ, ಎರಡು ವಾರದ ಬೇಸರ, ಆರು ತಿಂಗಳ ಮೌನ, ಮೂರಕ್ಕೂ ಬೇರೆ ಬೇರೆ ದಾರಿ. ಈ ಸಂಚಿಕೆಯ ಪತ್ರಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದವು. ಬರೆದವರ ಹೆಸರು ಬಿಟ್ಟು ಊರಷ್ಟೇ ಇಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ 23 ವರ್ಷ. ಬಿ.ಎ. ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ. ಏಳು ತಿಂಗಳಿಂದ ಕೋಣೆ ಬಿಟ್ಟು ಬರುವುದಿಲ್ಲ, ಜಳಕ ಮಾಡುವುದಿಲ್ಲ. ಓಣಿಯವರು ಮೊಬೈಲಿನಲ್ಲಿ ತನ್ನ ಮಾತು ಕದ್ದು ಕೇಳುತ್ತಾರೆ ಅನ್ನುತ್ತಾನೆ, ಒಬ್ಬನೇ ನಗುತ್ತಾನೆ. ಮಾಟ ಇರಬೇಕೆಂದು ಮೂರು ಕಡೆಯಿಂದ ಅಂಗಾರ, ತಾಯಿತ ತಂದೆವು. ಒಬ್ಬ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ಕೊಟ್ಟೆವು, ಬರೀ ನಿದ್ದೆ. ಬಿಡಿಸಿದೆವು. ಮುಂದೇನು ಮಾಡೋಣ?
(ಇಂಡಿ ತಾಲ್ಲೂಕು)

ಉತ್ತರ: ನೀವು ಬರೆದವು ಸೈಕೋಸಿಸ್ ಎಂಬ ಗುಂಪಿನ ಲಕ್ಷಣಗಳು. ಆಧಾರವಿಲ್ಲದ ಸಂಶಯ ಕಲ್ಲಿನಂಥ ನಂಬಿಕೆಯಾಗುತ್ತದೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ. ಒಬ್ಬನೇ ನಗುವುದು ಬಹಳ ಸಲ ಆ ದನಿಗೆ ಕೊಡುವ ಉತ್ತರ. ಇದು ತಿಂಗಳೊಳಗೆ ಇಳಿದರೆ ಅಲ್ಪಾವಧಿಯ ಕಾಯಿಲೆ. ತಿಂಗಳು ದಾಟಿ ನಿಂತು, ಓದು, ಜಳಕ, ಮಾತು ಎಲ್ಲ ಕುಸಿದರೆ ಸ್ಕಿಜೋಫ್ರೇನಿಯಾ ಇರಬಹುದು. ಪತ್ರ ನೋಡಿ ಹೆಸರಿಡುವಂತಿಲ್ಲ. ಗಾಂಜಾ ಸೇದುತ್ತಾನೆಯೇ, ಮೂರ್ಛೆ ಬಂದಿತ್ತೇ, ಥೈರಾಯ್ಡ್ ಸರಿ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ಈ ಕಾಯಿಲೆ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ ಜೀವಮಾನದಲ್ಲಿ ಬರುತ್ತದೆ, ಗಂಡುಹುಡುಗರಲ್ಲಿ ಬಹುತೇಕ 18ರಿಂದ 25ರೊಳಗೆ. ಪರೀಕ್ಷೆ, ನೌಕರಿ, ಹೆಣ್ಣು ನೋಡುವ ಮಾತು ನಡೆಯುವ ಹೊತ್ತೂ ಅದೇ. ಅದಕ್ಕೇ "ಓದಿ ಓದಿ ತಲಿ ಕೆಟ್ಟತು" ಎಂಬ ಮಾತು ಹುಟ್ಟಿದ್ದು. ಇನ್ನು ಸಿನಿಮಾ ನೋಡಿದವರು ಇದನ್ನು ಒಬ್ಬನೊಳಗೆ ಇಬ್ಬರು ಇರುವ ಕಾಯಿಲೆ ಎಂದು ತಿಳಿಯುತ್ತಾರೆ. ಅದೇ ಬೇರೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಗನ್ ಬ್ಲಾಯ್ಲರ್ ಈ ಹೆಸರಿಟ್ಟಾಗ, ವಿಚಾರ ಒಂದು ಕಡೆ, ಭಾವನೆ ಒಂದು ಕಡೆ ಹರಿದುಹೋಗುವುದು ಎಂಬ ಅರ್ಥ ಅವರ ಮನಸ್ಸಿನಲ್ಲಿತ್ತು.

ಈಗ ಆ ಹದಿನೈದು ದಿನದ ಮಾತು. ಈ ಗುಳಿಗೆಗಳಲ್ಲಿ ನಿದ್ದೆ ಮೊದಲ ದಿನವೇ ಬರುತ್ತದೆ. ಸಿಟ್ಟು, ಚಡಪಡಿಕೆ ಒಂದೆರಡು ವಾರದಲ್ಲಿ ಇಳಿಯುತ್ತವೆ. ದನಿ ಮತ್ತು ಸಂಶಯ ಕರಗಲು ಎರಡರಿಂದ ಆರು ವಾರ ಬೇಕು. ಮಂದಿಯೊಳಗೆ ಬರುವ ಉಮೇದು ಎಲ್ಲಕ್ಕಿಂತ ಕಡೆಗೆ, ತಿಂಗಳುಗಳ ಮೇಲೆ. ನೀವು ಗುಳಿಗೆಯ ತೊಂದರೆಯನ್ನಷ್ಟೇ ಅನುಭವಿಸಿ, ಲಾಭ ಶುರುವಾಗುವ ಹೊತ್ತಿಗೆ ನಿಲ್ಲಿಸಿದ್ದೀರಿ. ನಿದ್ದೆ ಹೆಚ್ಚಾದರೆ ಪ್ರಮಾಣ ಇಳಿಸಬಹುದು, ರಾತ್ರಿಗೆ ಮಾತ್ರ ಇಡಬಹುದು, ಗುಳಿಗೆ ಬದಲಿಸಬಹುದು.

ಮೊದಲ ವಾರದಲ್ಲಿ ಇನ್ನೊಂದು ಆಗಬಹುದು: ಕುತ್ತಿಗೆ ಒಂದು ಕಡೆ ಸೆಟೆದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು. ನೋಡಲು ಭಯಂಕರ, ಮನೆಯವರು ದೆವ್ವ ಎಂದೇ ತೀರ್ಮಾನಿಸುತ್ತಾರೆ. ಸ್ನಾಯು ಸೆಟೆಯುವ ಅಡ್ಡಪರಿಣಾಮ ಅದು; ದವಾಖಾನೆಯಲ್ಲಿ ಒಂದು ಸೂಜಿ ಮಾಡಿಸಿದರೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ. ಕುಳಿತಲ್ಲಿ ಕೂರಲಾಗದೆ ಕಾಲು ಕುಣಿಸುತ್ತ ಅಡ್ಡಾಡುವುದೂ ಹಾಗೆಯೇ. ಕಾಯಿಲೆ ಹೆಚ್ಚಾಯಿತೆಂದು ಅಂಗಡಿಯಲ್ಲಿ ಕೇಳಿ ಇನ್ನೊಂದು ಗುಳಿಗೆ ಹಾಕಿದರೆ ಮತ್ತಷ್ಟು ಕೆಡುತ್ತದೆ. ಚಿಕಿತ್ಸೆ ಶುರುವಾದ ದಿನ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟೆರಾಲ್ ಬರೆಸಿಡಿ. ಮೂರು ತಿಂಗಳಿಗೆ ಮತ್ತೆ, ಆಮೇಲೆ ವರ್ಷಕ್ಕೊಮ್ಮೆ. ಕೆಲವು ಗುಳಿಗೆಗಳು ಹೊಟ್ಟೆಯನ್ನೂ ಸಕ್ಕರೆಯನ್ನೂ ಏರಿಸುತ್ತವೆ.

ಸಂಶಯದ ಮಾತಿಗೆ "ಸುಳ್ಳು" ಎಂದು ವಾದಿಸಬೇಡಿ, "ಹೌದು" ಎಂದು ತಲೆಯಾಡಿಸಲೂಬೇಡಿ. "ನಿನಗ ಹಂಗ ಅನಸಾಕತ್ತೈತಿ, ಅಂಜಿಕಿ ಆಗತೈತಿ, ಖರೆ" ಎಂದರೆ ಸಾಕು. ಗುಳಿಗೆಯನ್ನು ಪಲ್ಯದಲ್ಲಿ ಪುಡಿ ಮಾಡಿ ಹಾಕುವುದು ಬೇಡವೇ ಬೇಡ. ಒಂದು ದಿನ ಗೊತ್ತಾಗುತ್ತದೆ, ಆಗ ಅವನ ಸಂಶಯಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ, ಊಟವನ್ನೂ ಬಿಡುತ್ತಾನೆ. ದಿನಾ ನುಂಗುವುದು ಆಗದಿದ್ದರೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಮಾಡಿಸುವ ಸೂಜಿಗಳಿವೆ. ಆರಾಮಾದ ಮೇಲೂ ಮೊದಲ ಸಲದ ಕಾಯಿಲೆಗೆ ಕನಿಷ್ಠ ಒಂದೆರಡು ವರ್ಷ ಔಷಧ ಬೇಕು.

ಅಂಗಾರ ಹಚ್ಚುವುದಕ್ಕೆ ನಮ್ಮ ತಕರಾರಿಲ್ಲ. ಬಡಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು ಬೇಡ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಅವನು ಒಪ್ಪದ, ಆದರೆ ಅಪಾಯವಿರುವ ಹೊತ್ತಿನಲ್ಲಿ ಅದೇ ಕಾಯ್ದೆಯ 89ನೇ ಕಲಮಿನಡಿ, ಅವನ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿ (ಸಾಮಾನ್ಯವಾಗಿ ಮನೆಯವರೇ) ಅರ್ಜಿ ಕೊಟ್ಟು 30 ದಿನದವರೆಗೆ ದಾಖಲು ಮಾಡಿಸಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಇಂಡಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಶಿಬಿರ ಯಾವ ಮಂಗಳವಾರ ಎಂದೂ ಕೇಳಿ ನೋಡಿ. ಹೊರಡುವ ಮುಂಚೆ ಮಾತಾಡಬೇಕೆಂದರೆ 14416, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ, ಪುಕ್ಕಟೆ.

ಪ್ರಶ್ನೆ: ಸೊಸೆಗೆ ಮೊದಲ ಹೆರಿಗೆಯಾದ ಆರನೇ ದಿನಕ್ಕೆ ಬಾಣಂತಿ ಸನ್ನಿ ಆಗಿತ್ತು. ಕೂಸು ತನ್ನದಲ್ಲ, ಬದಲಿ ಮಾಡಿದ್ದಾರೆ ಅಂದಳು. ದಾಖಲು ಮಾಡಿ ಆರಾಮಾದಳು. ಈಗ ಮತ್ತೆ ಐದು ತಿಂಗಳು. ಔಷಧ ಯಾವುದೂ ಇಲ್ಲ. ಏಳರಲ್ಲಿ ಕುಬುಸ ಮಾಡಿ ತವರಿಗೆ ಕಳಿಸುವುದಿದೆ. ಮತ್ತೆ ಬರುತ್ತದೆಯೇ?
(ಹುಕ್ಕೇರಿ)

ಉತ್ತರ: ಐದನೇ ತಿಂಗಳಲ್ಲೇ ಕೇಳಿದಿರಿ, ಒಳ್ಳೆಯದಾಯಿತು. ಸಾವಿರ ಹೆರಿಗೆಗೆ ಒಂದೆರಡು ಸಲ ಬರುವ ಕಾಯಿಲೆ ಇದು. ಆದರೆ ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮರಳುವ ಸಂಭವ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಏರುತ್ತದೆ. ಬರುವುದಾದರೆ ಬಹುತೇಕ ಮೊದಲ ಎರಡು ವಾರದಲ್ಲಿ. ಅಂದರೆ ನೀವು ಕಾಯಬೇಕಾದ ದಿನಗಳು ಯಾವುವೆಂದು ಈಗಲೇ ಗೊತ್ತು.

ಈ ತಿಂಗಳೇ ಮನೋವೈದ್ಯರ ಬಳಿ ಹೋಗಿ, ಹಳೆಯ ಡಿಸ್ಚಾರ್ಜ್ ಕಾಗದ ಒಯ್ಯಿರಿ. ಔಷಧವನ್ನು ಬಸಿರಿನಲ್ಲೇ ಶುರು ಮಾಡುವುದೋ ಹೆರಿಗೆಯಾದ ದಿನವೋ ಎಂಬುದನ್ನು ಅವರು ಮತ್ತು ಹೆರಿಗೆ ಡಾಕ್ಟರು ಕೂಡಿ ತೀರ್ಮಾನಿಸಲಿ. ಮನೆಯಲ್ಲಿ ಹಳೆಯ ವಾಲ್‌ಪ್ರೊಯೇಟ್ ಉಳಿದಿದ್ದರೆ ಅದನ್ನು ತಾವಾಗಿಯೇ ಶುರು ಮಾಡುವುದು ಖಂಡಿತ ಬೇಡ. ಬಸಿರಿನಲ್ಲಿ ತೆಗೆದುಕೊಂಡರೆ ಹತ್ತರಲ್ಲಿ ಒಂದು ಕೂಸಿಗೆ ಅಂಗದೋಷ ಬರುವ ಗುಳಿಗೆ ಅದು. ಮೊಲೆ ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳು ಸಾಕಷ್ಟಿವೆ. ಲಿಥಿಯಂ ಮಾತ್ರ ಸಾಮಾನ್ಯವಾಗಿ ಆ ಹೊತ್ತಿಗೆ ಕೊಡುವುದಿಲ್ಲ.

ತವರಿಗೆ ಕಳಿಸುವುದಾದರೆ ಬೀಗರಿಗೆ ಎಲ್ಲವನ್ನೂ ಹೇಳಿ ಕಳಿಸಿ. ಮುಚ್ಚಿಟ್ಟು ಕಳಿಸಿದ ಮನೆಗಳಲ್ಲೇ ತಡವಾಗುವುದು. ಈ ಕಾಯಿಲೆಯ ಮೊದಲ ಗುರುತು ನಿದ್ದೆ: ಕೂಸು ಮಲಗಿದಾಗಲೂ ತಾಯಿ ಎರಡು ರಾತ್ರಿ ಕಣ್ಣು ಮುಚ್ಚದಿದ್ದರೆ ಮೂರನೇ ರಾತ್ರಿಗೆ ಕಾಯಬಾರದು. ರಾತ್ರಿ ಒಂದು ಸಲದ ಹಾಲನ್ನು ಮೊದಲೇ ಹಿಂಡಿಟ್ಟು ಅವ್ವನೋ ಅಕ್ಕನೋ ಕುಡಿಸಿದರೆ, ಬಾಣಂತಿಗೆ ಐದಾರು ತಾಸಿನ ಒಂದೇ ನಿದ್ದೆ ಸಿಗುತ್ತದೆ. ಮಾತು ತಪ್ಪಲು ಶುರುವಾದರೆ ಕೂಸನ್ನು ಅವಳೊಬ್ಬಳ ಬಳಿ ಬಿಡಬೇಡಿ. ಅದು ತುರ್ತುಸ್ಥಿತಿ, ಅದೇ ದಿನ ದವಾಖಾನೆ. ಮೂರನೇ-ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಮಾತ್ರ ಅರ್ಧಕ್ಕೂ ಹೆಚ್ಚು ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಅದಕ್ಕೆ ಅಂಜುವುದು ಬೇಡ.

ಒಂದು ಎಚ್ಚರಿಕೆ. ನಮ್ಮ ಕಡೆ ಎಲ್ಲಕ್ಕೂ "ಸನ್ನಿ" ಎಂಬ ಒಂದೇ ಹೆಸರು. ಜ್ವರ, ತಡೆಯಲಾಗದ ತಲೆನೋವು, ಫಿಟ್ಸ್ ಇವುಗಳಲ್ಲಿ ಒಂದಿದ್ದರೂ ಅದು ಸೋಂಕು ಇರಬಹುದು, ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು, ಸ್ಕ್ಯಾನ್ ಬೇಕು. ಬಾಣಂತಿಗೆ ನೀರು ಕೊಡದಿರುವ ಪದ್ಧತಿ ರಕ್ತವನ್ನು ಗಟ್ಟಿ ಮಾಡಿ ಆ ಹೆಪ್ಪಿಗೆ ದಾರಿ ಮಾಡುತ್ತದೆ. ನೀರು ಬಿಸಿ ಇರಲಿ, ಬೇಡ ಅನ್ನುವುದಿಲ್ಲ. ಕೇಳಿದಷ್ಟು ಕೊಡಿ.

ಪ್ರಶ್ನೆ: ನನಗೆ ಬೈಪೋಲಾರ್ (ಅತಿ ಉಮೇದು, ಅತಿ ಬೇಸರ ಸರದಿಯಂತೆ ಬರುವ ಕಾಯಿಲೆ) ಇದೆ, ನಾಲ್ಕು ವರ್ಷದಿಂದ ಲಿಥಿಯಂ 900 ಮಿ.ಗ್ರಾಂ. ಆರಾಮಿದ್ದೇನೆ. ಈ ಬೇಸಿಗೆಯಲ್ಲಿ ಕಬ್ಬಿಗೆ ನೀರು ಹಾಯಿಸುವಾಗ ಕೈ ನಡುಗಿ, ಎರಡು ಸಲ ವಾಂತಿಯಾಯಿತು. ಸೊಂಟನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದೆ. ಬಿ.ಪಿ. ಇದೆಯೆಂದು ಉಪ್ಪು ಬಿಟ್ಟಿದ್ದೇನೆ. ಸಂಬಂಧವಿದೆಯೇ?
(ಮುಧೋಳ ತಾಲ್ಲೂಕು)

ಉತ್ತರ: ಮೂರಕ್ಕೂ ಇದೆ, ಮೂರೂ ಒಂದೇ ದಿಕ್ಕಿಗೆ ಎಳೆಯುತ್ತಿವೆ. ಲಿಥಿಯಂ ಕೂಡ ಒಂದು ಲವಣ. ಬೆವರಿನಲ್ಲಿ ಉಪ್ಪು ಹೋದಾಗ, ಊಟದಲ್ಲಿ ಉಪ್ಪು ಬಿಟ್ಟಾಗ, ಮೂತ್ರಪಿಂಡ ಉಳಿದ ಉಪ್ಪನ್ನು ಬಿಗಿಯಾಗಿ ಹಿಡಿದಿಡುತ್ತದೆ, ಜೊತೆಗೆ ಲಿಥಿಯಂನ್ನೂ ಹಿಡಿಯುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಮೂತ್ರಪಿಂಡದಿಂದ ಅದು ಹೊರಬೀಳುವುದನ್ನು ಮತ್ತೂ ತಡೆಯುತ್ತವೆ. ಬಿ.ಪಿ.ಗೆ ಕೊಡುವ ಲೊಸಾರ್ಟನ್, ಎನಾಲಾಪ್ರಿಲ್, ಮೂತ್ರ ಹೆಚ್ಚಿಸುವ ಥಯಾಜೈಡ್ ಗುಳಿಗೆಗಳದೂ ಅದೇ ಕಥೆ. ಹೀಗೆ ಅದೇ 900 ಮಿ.ಗ್ರಾಂ. ನುಂಗುತ್ತಿದ್ದರೂ ರಕ್ತದಲ್ಲಿ ಏರುತ್ತ ಹೋಗುತ್ತದೆ.

ಚಹಾ ಕಪ್ಪು ಹಿಡಿದಾಗ ಬೆರಳು ಸಣ್ಣಗೆ ಅದುರುವುದು ಬಹಳ ಜನರಿಗೆ ಇರುತ್ತದೆ. ಕೈ ದೊಡ್ಡದಾಗಿ ಕುಣಿಯುವುದು, ವಾಂತಿ, ಭೇದಿ, ಕುಡಿದವರಂತೆ ತೂರಾಡುವ ನಡಿಗೆ, ತೊದಲು ಇವು ವಿಷವೇರುತ್ತಿರುವ ಗುರುತು. ಆಗ ಮುಂದಿನ ಗುಳಿಗೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದ ಮಟ್ಟ ನೋಡಿಸಬೇಕು.

ರಕ್ತ ಕೊಡುವುದಕ್ಕೂ ಲೆಕ್ಕವಿದೆ. ರಾತ್ರಿ ಎಂಟಕ್ಕೆ ಗುಳಿಗೆ ನುಂಗಿದ್ದರೆ ಬೆಳಿಗ್ಗೆ ಎಂಟಕ್ಕೆ, ಸರಿಯಾಗಿ 12 ತಾಸಿನ ಮೇಲೆ, ಬೆಳಗಿನ ಗುಳಿಗೆ ನುಂಗುವ ಮೊದಲು. ಆಗ ಲಿಥಿಯಂ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ಅಪಾಯ. ಗುಳಿಗೆ ನುಂಗಿ ಲ್ಯಾಬಿಗೆ ಹೋದವರಿಗೆ ಸುಳ್ಳೇ ಹೆಚ್ಚು ಬರುತ್ತದೆ. ಲ್ಯಾಬಿನವರಿಗೂ ಒಂದು ಮಾತು ನೆನಪಿಸಿ: ಲಿಥಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹಿಡಿದರೆ ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಸೇರಿಬಿಡುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಥೈರಾಯ್ಡ್ ಆರು ತಿಂಗಳಿಗೊಮ್ಮೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಉಪ್ಪನ್ನು ಪೂರ್ತಿ ಬಿಡಬೇಡಿ, ಒಮ್ಮೆಲೇ ಹೆಚ್ಚಿಸಲೂಬೇಡಿ. ದಿನದಿಂದ ದಿನಕ್ಕೆ ಒಂದೇ ಸಮ ಇರಲಿ. ನಲವತ್ತು ಡಿಗ್ರಿಯ ಬಿಸಿಲಲ್ಲಿ ಹೊಲಕ್ಕೆ ಹೋಗುವಾಗ ನೀರಿನ ಕ್ಯಾನ್ ಜೊತೆಗೇ ಇರಲಿ. ನಿಮ್ಮ ಬಿ.ಪಿ. ಡಾಕ್ಟರಿಗೆ ಲಿಥಿಯಂ ವಿಷಯ ತಿಳಿಸಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ತಿಳಿಸಿ.

ಪ್ರಶ್ನೆ: ನಮ್ಮ ಮನೆಯವರು ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾರೆ, ಹನ್ನೆರಡು ವರ್ಷ ಆಯಿತು. ಗೊತ್ತಾಗದಂತೆ ಚಹಾದಲ್ಲಿ ಹಾಕುವ ಪುಡಿ ಸಿಗುತ್ತದಂತೆ. ಹಾಕಲೇ? ಇಲ್ಲವೇ ಅವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸಲೇ?
(ಬೈಲಹೊಂಗಲ)

ಉತ್ತರ: ಎರಡೂ ಬೇಡ. ಎರಡರಲ್ಲೂ ಜೀವ ಹೋಗುವ ಅಪಾಯವಿದೆ.

ಇಂಥ ಪುಡಿಯೊಳಗೆ ಏನಿದೆ ಎಂಬುದು ಹಲವು ಸಲ ಮಾರುವವರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿ.ಪಿ. ಪೂರಾ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರು ಬದುಕುವುದು ಕಷ್ಟ. ನಿಲ್ಲಿಸಿದ ಮೇಲೂ ಹದಿನಾಲ್ಕು ದಿನದವರೆಗೆ ಅದರ ಪ್ರಭಾವ ಇರಬಹುದು. ಕುಡಿಯಬಾರದು ಎಂಬ ಭಯದಿಂದ ಕೆಲಸ ಮಾಡುವ ಔಷಧ ಅದು, ಗೊತ್ತಿಲ್ಲದವನಿಗೆ ಭಯ ಎಲ್ಲಿಂದ ಬರಬೇಕು? ಮದ್ಯ ನಿಂತು 12 ತಾಸು ಆಗುವ ಮೊದಲು ಇದನ್ನು ಕೊಡುವುದೇ ಇಲ್ಲ.

ಇನ್ನು ಕೂಡಿಹಾಕುವ ಮಾತು. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ., ಅದರಲ್ಲಿ ಸುಮಾರು 60 ಗ್ರಾಂ ಮದ್ಯಸಾರ. ದಿನಕ್ಕೆ 120 ಗ್ರಾಂ ಹನ್ನೆರಡು ವರ್ಷ ಕುಡಿದ ಮಿದುಳು ಒಮ್ಮೆಲೇ ನಿಂತಾಗ ಎದ್ದು ಕುಣಿಯುತ್ತದೆ. ಕೊನೆಯ ಗುಟುಕಿನಿಂದ 6ರಿಂದ 12 ತಾಸಿಗೆ ಕೈನಡುಕ, ಬೆವರು. 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಗೊಂದಲ, ಗೋಡೆಯ ಮೇಲೆ ಹುಳ ಕಾಣುವುದು, ಜ್ವರ. ಈ ಹಂತಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಆಸ್ಪತ್ರೆಯಲ್ಲಿ ಡಯಾಜೆಪಾಂ ಅಥವಾ ಕ್ಲೋರ್ಡಯಾಜೆಪಾಕ್ಸೈಡ್ ಕೊಟ್ಟು ಐದರಿಂದ ಏಳು ದಿನದಲ್ಲಿ ಇಳಿಸುತ್ತಾರೆ. ಅದರ ಜೊತೆ ಥಯಮಿನ್ (ಬಿ1 ಜೀವಸತ್ವ) ಸೂಜಿ. ಊರಿನ ದವಾಖಾನೆಯಲ್ಲಿ ಸುಸ್ತೆಂದು ಗ್ಲೂಕೋಸ್ ಬಾಟಲಿ ಏರಿಸುವಾಗ, ಮೊದಲು ಥಯಮಿನ್ ಹಾಕಿಸಿ ಎಂದು ಬಾಯಿಬಿಟ್ಟು ಹೇಳಿ. ಮೈಯಲ್ಲಿ ಅಳಿದುಳಿದ ಥಯಮಿನ್ ಆ ಗ್ಲೂಕೋಸಿಗೇ ಖರ್ಚಾಗಿ, ನೆನಪು ಶಾಶ್ವತವಾಗಿ ಕೆಡಬಹುದು.

ಇಷ್ಟೆಲ್ಲ ಆದ ಮೇಲೆ ಬರುವ ಆಸೆಯನ್ನು ಹತ್ತಿಕ್ಕಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಗುಳಿಗೆಗಳಿವೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ ನೋಡಿ ಕೊಡುತ್ತಾರೆ. ಮಾತು ತೆಗೆಯುವುದಿದ್ದರೆ ಬೆಳಿಗ್ಗೆ, ಕುಡಿಯದಿದ್ದಾಗ, ಮಕ್ಕಳ ಎದುರಿಗಲ್ಲದೆ.

ಪ್ರಶ್ನೆ: ನನಗೆ 31 ವರ್ಷ. ಬಾಗಿಲ ಚಿಲಕ, ದುಡ್ಡು, ಮಗ್ಗದ ನೂಲು ಏನು ಮುಟ್ಟಿದರೂ ಕೈ ತೊಳೆಯಬೇಕು, ದಿನಕ್ಕೆ ಮೂರು ತಾಸು ಇದಕ್ಕೇ. ನಳ ಬರುವುದೇ ವಾರಕ್ಕೊಮ್ಮೆ. ಅತ್ತೆಯವರು ಮಡಿ ಅನ್ನುತ್ತಾರೆ, ಮನೆಯವರು ಸೊಕ್ಕು ಅನ್ನುತ್ತಾರೆ. ಇದು ಅತಿ ಎಂದು ನನಗೇ ಗೊತ್ತು, ಬಿಡಲಾಗುವುದಿಲ್ಲ.
(ಬನಹಟ್ಟಿ)

ಉತ್ತರ: ನೀವು ಬರೆದ ಕೊನೆಯ ಸಾಲಿನಲ್ಲೇ ಉತ್ತರದ ಅರ್ಧ ಇದೆ. ಮಡಿಗೆ ಒಂದು ಕಟ್ಟಳೆ ಇದೆ: ಉಟ್ಟರೆ ಆಯಿತು, ಮಿಂದರೆ ಮುಗಿಯಿತು. ನಿಮ್ಮದು ಗೀಳು ಕಾಯಿಲೆಯ (ಒ.ಸಿ.ಡಿ.) ಲಕ್ಷಣ, ಗೀಳಿಗೆ ಮುಗಿಯುವುದು ಎಂಬುದೇ ಇಲ್ಲ. ಬೇಡವೆಂದರೂ ನುಗ್ಗುವ ಯೋಚನೆ, ಅದು ಎಬ್ಬಿಸುವ ಕಳವಳ, ಕಳವಳ ಇಳಿಸಲು ತೊಳೆಯುವುದು. ತೊಳೆದಾಗ ಸಿಗುವ ಐದು ನಿಮಿಷದ ಸಮಾಧಾನವೇ ಮುಂದಿನ ಸುತ್ತಿಗೆ ಕೂಲಿ. ದಿನಕ್ಕೆ ಒಂದು ತಾಸು ದಾಟಿದರೆ ಚಿಕಿತ್ಸೆ ಬೇಕಾದ ಕಾಯಿಲೆ. ನಿಮ್ಮದು ಮೂರು.

ಚಿಕಿತ್ಸೆ ಎರಡು ಬಗೆ, ಎರಡೂ ಕೂಡಿದರೆ ಒಳ್ಳೆಯದು. ಫ್ಲುಯೋಕ್ಸೆಟಿನ್, ಸರ್ಟ್ರಲೀನ್ ಥರದ ಗುಳಿಗೆಗಳು ಖಿನ್ನತೆಗೆ ಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ಹತ್ತರಿಂದ ಹನ್ನೆರಡು ವಾರ ತೆಗೆದುಕೊಂಡ ಮೇಲೆಯೇ ಗುಣ ಬಂತೋ ಇಲ್ಲವೋ ಹೇಳಬಹುದು. ನಾಲ್ಕು ವಾರಕ್ಕೆ "ನಾಟಲಿಲ್ಲ" ಎಂದು ಡಾಕ್ಟರನ್ನು ಬದಲಿಸುವವರೇ ಹೆಚ್ಚು.

ಎರಡನೆಯದು ಮುಟ್ಟಿ, ತೊಳೆಯದೆ ಕೂರುವ ಅಭ್ಯಾಸ. ಅಂಜಿಕೆ ಹುಟ್ಟಿಸುವ ಹತ್ತು ವಸ್ತು ಬರೆದು, ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ಕಳವಳ ಎಂದು ಅಂಕ ಹಾಕಿ. ನೂಲಿಗೆ 30, ಚಿಲಕಕ್ಕೆ 50, ನೋಟಿಗೆ 80 ಎಂದುಕೊಳ್ಳೋಣ. ಶುರು ಮಾಡುವುದು 30ರಿಂದ. ಮುಟ್ಟಿ, ಕೈಯನ್ನು ಸೀರೆಗೆ ಒರೆಸದೆ, ನೀರಿನ ಹತ್ತಿರ ಹೋಗದೆ ಕೂರಬೇಕು. ಕಳವಳ ಮೊದಲು ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧದಿಂದ ಒಂದು ತಾಸಿನೊಳಗೆ. ಅರ್ಧಕ್ಕೆ ಇಳಿಯುವ ಮೊದಲೇ ಎದ್ದು ತೊಳೆದರೆ ಆ ದಿನದ ಪಾಠ ಉಲ್ಟಾ ಆಗುತ್ತದೆ. ದಿನಾ ಮಾಡಿ, 30ರದ್ದು 10ಕ್ಕೆ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಮೊದಲ ಕೆಲವು ಸಲ ಮನಃಶಾಸ್ತ್ರಜ್ಞರ ಎದುರಿಗೆ ಮಾಡಿದರೆ ಕೈ ಹಿಡಿಯುತ್ತದೆ. ನಿಮ್ಮ ಮನೆಯವರಿಗೆ ಒಂದು ಕೆಲಸ: "ಸ್ವಚ್ಛ ಐತೇನ್ರೀ?" ಎಂದು ನೀವು ಕೇಳಿದಾಗ "ಐತಿ" ಎನ್ನಬಾರದು, ಬೈಯಲೂಬಾರದು. "ಇದಕ್ಕ ಉತ್ತರಾ ಕೊಡಬ್ಯಾಡಂತ ಹೇಳ್ಯಾರ" ಎಂದಷ್ಟೇ ಅನ್ನಬೇಕು.

ಪ್ರಶ್ನೆ: ಜಾತ್ರೆಯಲ್ಲಿ ನಮ್ಮ ಅತ್ತಿಗೆಯ ಮೈಮೇಲೆ ದೇವಿ ಬರುತ್ತಾಳೆ. ಮಗ ಕಾಲೇಜಿನಲ್ಲಿ ಓದಿ, ಇದು ಮಾನಸಿಕ ರೋಗ, ತೋರಿಸಬೇಕು ಅನ್ನುತ್ತಾನೆ.
(ಬಾದಾಮಿ)

ಉತ್ತರ: ಜಾತ್ರೆಗಷ್ಟೇ ಬಂದು, ಮಂದಿ ಒಪ್ಪಿದ ರೀತಿಯಲ್ಲಿ ನಡೆದು, ಮಂಗಳಾರತಿಗೆ ಮುಗಿದು, ಮರುದಿನ ರೊಟ್ಟಿ ಬಡಿಯಲು ಕೂರುತ್ತಾರೆಂದರೆ ರೋಗವಲ್ಲ. ಓದಿದ ಮಗನಿಗೂ ಇದನ್ನು ಹೇಳಿ: 2022ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ರೋಗಪಟ್ಟಿ ಕೂಡ, ತನ್ನ ಸಮುದಾಯದ ಆಚರಣೆಯ ಭಾಗವಾದುದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಬೇಡವೆಂದರೂ ಬರುವುದು, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಬರುವುದು, ಅದರಿಂದ ಅವರೇ ನರಳುವುದು ಆದರೆ ತೋರಿಸಿ. ಒಂದೆರಡು ನಿಮಿಷದ ಸೆಳೆತ, ಕಣ್ಣು ತೆರೆದೇ ಇರುವುದು, ನಾಲಿಗೆ ಕಚ್ಚುವುದು, ಬಟ್ಟೆಯಲ್ಲಿ ಮೂತ್ರ ಇದ್ದರೆ ಮೂರ್ಛೆರೋಗದ ಅನುಮಾನ. ಮುಂದಿನ ಸಲ ಮೊಬೈಲಿನಲ್ಲಿ ವಿಡಿಯೊ ಮಾಡಿ ಒಯ್ದರೆ ಡಾಕ್ಟರಿಗೆ ನಿಮ್ಮ ವರ್ಣನೆಗಿಂತ ಹೆಚ್ಚು ಉಪಯೋಗ.

ಪ್ರಶ್ನೆ: ನಮ್ಮ ಅಜ್ಜನಿಗೆ 76. ಕಳೆದ ತಿಂಗಳು ನಾಲ್ಕು ದಿನ ರಾತ್ರಿಯೆಲ್ಲ ಚೀರಾಟ, ಸತ್ತ ತಮ್ಮ ಬಂದಿದ್ದಾನೆ ಅನ್ನುವುದು, ಹಗಲು ತೂಕಡಿಕೆ. ಮೂತ್ರದ ಸೋಂಕಿಗೆ ಔಷಧ ಕೊಟ್ಟ ಮೇಲೆ ಸರಿಹೋಯಿತು. ಇದು ಅರಳುಮರಳೇ? ನಿಮ್ಮಲ್ಲಿಗೆ ಕರೆತರಬೇಕೇ?
(ಸಿಂದಗಿ)

ಉತ್ತರ: ಅರಳುಮರಳು ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ. ನಾಲ್ಕು ದಿನದಲ್ಲಿ ಬಂದು, ರಾತ್ರಿ ಹೆಚ್ಚಾಗಿ ಹಗಲು ತಗ್ಗಿ, ಸೋಂಕಿನ ಔಷಧಕ್ಕೆ ಹೋದದ್ದು ಡೆಲಿರಿಯಂ. ಮೈಯ ಕಾಯಿಲೆ ಮಿದುಳನ್ನು ಕದಡಿದ್ದು. ಮುದುಕರಲ್ಲಿ ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಸಕ್ಕರೆ ಏರಿಳಿತ, ಮಲಬದ್ಧತೆ, ನಿದ್ದೆ ಗುಳಿಗೆ, ತುರಿಕೆ-ನೆಗಡಿಗೆ ಕೊಡುವ ಗುಳಿಗೆ, ಎಲ್ಲವೂ ಇದನ್ನು ಮಾಡಬಲ್ಲವು. ಮತ್ತೆ ಆದರೆ ನಿದ್ದೆ ಗುಳಿಗೆ ಕೊಟ್ಟು ಮಲಗಿಸಬೇಡಿ. ಅಜ್ಜ ನುಂಗುವ ಎಲ್ಲ ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ಕನ್ನಡಕ, ಕಿವಿಯ ಮಷಿನ್ ಮರೆಯದೆ, ಅದೇ ದಿನ ಹೋಗಿ. ನಮ್ಮಲ್ಲಿಗಲ್ಲ, ಮೊದಲು ಫಿಜಿಶಿಯನ್ ಹತ್ತಿರ.